ಶಿವಕಾಂತಾಳ ಗೋಡೆಹಾಳೆ

ಆಳಂದದ ಬಸ್‌ಸ್ಟ್ಯಾಂಡ್ ಬಿಟ್ಟು ಅಫಜಲಪುರದ ಕಡೆಗೆ ದಾರಿ ಹೊರಳುವಲ್ಲಿ ಒಂದು ಕಲ್ಲುಮನೆ. ತೊಗರಿ ವ್ಯಾಪಾರದ ದೌಲತರಾಯನ ಮನೆ ಯಾವುದು ಎಂದು ಕೇಳಿದರೆ ಮಂದಿ ತಲೆ ಕೆರೆದುಕೊಳ್ಳುತ್ತಿದ್ದರು. ಗೋಡೆ ಮೇಲೆ ಬರೆಯುವ ಶಿವಕಾಂತಾಳ ಮನೆ ಎಂದರೆ ಮಾತ್ರ ನಾಲ್ಕಾರು ಕೈಗಳು ಒಮ್ಮೆಗೇ ಏಳುತ್ತಿದ್ದವು. ಮನೆ ಕಟ್ಟಿಸಿದವನು ತಾನು, ಹೆಸರು ತಂಗಿಯದು! ದೌಲತರಾಯ ಇದನ್ನು ಬಾಯಿಬಿಟ್ಟು ಹೇಳುತ್ತಿರಲಿಲ್ಲ, ಊಟಕ್ಕೆ ಕೂತಾಗ ರೊಟ್ಟಿಯನ್ನು ಮಾತ್ರ ಸ್ವಲ್ಪ ಜೋರಾಗಿ ಮುರಿಯುತ್ತಿದ್ದ.

ಎಂಬತ್ತರ ದಶಕದ ನಡುವಿನ ಮಾತಿದು. ಶಿವಕಾಂತಾಳಿಗೆ ಆಗ ಇಪ್ಪತ್ತೆಂಟು. ಮೆಟ್ರಿಕ್ ಪಾಸಾಗಿದ್ದಳು, ಮದುವೆ ಆಗಿರಲಿಲ್ಲ. ವಾರಕ್ಕೊಮ್ಮೆ, ಸಂತೆಯ ಹಿಂದಿನ ಸಂಜೆ, ದೊಡ್ಡ ಹಾಳೆಯೊಂದರ ತುಂಬ ತನ್ನ ಮನಸ್ಸಿಗೆ ಬಂದದ್ದನ್ನು ಬರೆದು ಬೀದಿಗೋಡೆಗೆ ಅಂಟಿಸುತ್ತಿದ್ದಳು. ಅದರಲ್ಲಿ ಸುದ್ದಿ ಇರುತ್ತಿರಲಿಲ್ಲ. ಸುದ್ದಿಗೆ ಪೇಪರು ಇದೆ, ರೇಡಿಯೋ ಇದೆ. ನಳದಲ್ಲಿ ನೀರು ಬರುವ ಹೊತ್ತಿಗೇ ನೆಂಟರೂ ಯಾಕೆ ಬರುತ್ತಾರೆ, ಪುಂಡಿಪಲ್ಲೆಗೆ ಬೆಳ್ಳುಳ್ಳಿ ಮೊದಲು ಹಾಕಬೇಕೋ ಕೊನೆಗೋ, ಬಸ್ಸಿನ ಕಿಟಕಿಯಿಂದ ಟವೆಲ್ ಒಗೆದವನಿಗೆ ಆ ಸೀಟು ಅದು ಹೇಗೆ ಸ್ವಂತವಾಗಿಬಿಡುತ್ತದೆ, ಇಂಥವು. ತಲೆಗೆ "ನನ್ನ ಮಾತು" ಎಂದು ಹೆಸರು. ಯಾರೂ ಬರೆ ಎಂದಿರಲಿಲ್ಲ, ಬರೆದರೆ ಯಾರೂ ಏನೂ ಕೊಡುತ್ತಲೂ ಇರಲಿಲ್ಲ. ಬರೆಯದಿದ್ದರೆ ಮಾತ್ರ ಆ ವಾರವೆಲ್ಲ ಅವಳ ಮುಖ ನೋಡಲಾಗುತ್ತಿರಲಿಲ್ಲ.

ಕನ್ಯೆ ನೋಡಲು ಬಂದವರು ಇರಲಿಲ್ಲವೆಂದಲ್ಲ. ಮೂರು ಕಡೆಯವರು ಬಂದರು, ಅವಲಕ್ಕಿ ತಿಂದರು, ಹುಡುಗಿ ಒಪ್ಪಿಗೆ ಎಂದರು, ಚಪ್ಪಲಿ ಮೆಟ್ಟುವಾಗ ಗೋಡೆ ಕಡೆ ನೋಡಿ ಇದೊಂದು ಬಿಡಿಸಿಬಿಡಿ ಎಂದರು. ಮೂವರಿಗೂ ಶಿವಕಾಂತಾ ಒಳಗಿನಿಂದಲೇ ಆಗುವುದಿಲ್ಲ ಎಂದಳು. ಕಡೆಕಡೆಗೆ ಕನ್ಯೆ ಕೇಳುವವರು ಅವಳ ಮನೆಯ ದಾರಿಯನ್ನೇ ಬಿಟ್ಟರು.

ದೌಲತರಾಯ ಕೆಟ್ಟವನಲ್ಲ, ಮರ್ಯಾದೆಯ ಹೆದರಿಕೆಯವನು ಅಷ್ಟೆ. ಬೀಡಿ ಕಂಪನಿಯೊಂದು ಆ ಗೋಡೆಗೆ ತನ್ನ ಜಾಹೀರಾತು ಬರೆಸಲು ಕೇಳಿಕೊಂಡು ಬಂದಿತ್ತು. ಬಸ್ಸಿನವರೆಲ್ಲ ನೋಡುವ ಜಾಗ ನೋಡಿ. ಅವನು ತಂಗಿಯನ್ನು ಕರೆದು ಕರಾರು ಮಾಡಿದ.

"ನೀ ಬರಿ, ನಾ ಬ್ಯಾಡ ಅನ್ನಂಗಿಲ್ಲ. ಆದ್ರ ನಿನ್ನ ಹಾಳಿಯಿಂದ ನಮ್ಮ ಮನೀ ಮಾತು ಊರ ಬಾಯಿಗಿ ಬಿತ್ತೋ, ಮರುದಿನಾನೇ ಪೇಂಟರ್‌ನ ಕರಸ್ತೇನಿ."

ಶಿವಕಾಂತಾ ಒಪ್ಪಿದಳು. ಮನೆಯ ಮಾತು ಬರೆಯುವ ಆಸೆ ಅವಳಿಗಿರಲಿಲ್ಲ. ಗೋಡೆ ಉಳಿದರೆ ಸಾಕಿತ್ತು.

ಬರೆಯುವುದು ಅವಳಿಗೆ ಸಲೀಸು. ಕಷ್ಟವೆಲ್ಲ ಹಾಳೆಯ ರೂಪದ್ದು. ಹಾಳೆ ಎಂದರೆ ದಲಾಲಿ ವ್ಯಾಪಾರದ ಅಡತಿ ಅಂಗಡಿಗಳು ಹಂಚುವ ದೊಡ್ಡ ಕ್ಯಾಲೆಂಡರಿನ ಬಿಳಿ ಬೆನ್ನು. ತಿಂಗಳು ಮುಗಿದದ್ದೇ ತಡ, ನೆರೆಮನೆಗಳ ಮೊಳೆಗಳಿಂದಲೂ ಆ ತಿಂಗಳನ್ನು ಹರಿದು ತರುತ್ತಿದ್ದಳು. ಮೊದಲ ಹಾಳೆಯಲ್ಲಿ ಒಂದು ಬೆರಳಗಲ ಜಾಗ ಬಿಡದೆ, ಈ ತುದಿಯಿಂದ ಆ ತುದಿಗೆ, ಕರಿ ಮಸಿಯಲ್ಲಿ ಇಕ್ಕಟ್ಟಾಗಿ ಬರೆದಳು. ಖಾಲಿ ಬಿಟ್ಟರೆ ಹಾಳೆ ದಂಡ ಎಂಬ ವ್ಯಾಪಾರಸ್ಥರ ಮನೆಯ ಬುದ್ಧಿ. ಒಬ್ಬರೂ ಹತ್ತಿರ ಸುಳಿಯಲಿಲ್ಲ. ದೂರದಿಂದ ನೋಡಿ ಬೇಗ ಬೇಗ ಕಾಲು ಹಾಕಿದರು. ಪಕ್ಕದ ಓಣಿಯ ಕುಲಸುಮಬಿ, ಬಳೆ ಮಾರುವವಳು, ಶಿವಕಾಂತಾಳ ಬಾಲ್ಯದ ಗೆಳತಿ, ಇದ್ದದ್ದು ಇದ್ದ ಹಾಗೆ ಹೇಳಿದಳು. ಹಾಳೆ ಕೋರ್ಟಿನ ನೋಟಿಸಿನ ಹಾಗೆ ಕಾಣುತ್ತದಂತೆ, ದೌಲತರಾಯನ ಮನೆ ಹರಾಜಿಗೆ ಬಂತು ಎಂದು ಸಂತೆಯಲ್ಲಿ ಮಾತಾಗಿದೆಯಂತೆ.

ಅಯ್ಯೋ ದೇವರೇ ಎಂದು ಮರುವಾರ ಬಣ್ಣ ಹಾಕಿದಳು. ಕೆಂಪು, ಹಸಿರು, ನೀಲಿ, ನಡುನಡುವೆ ಚಿಕ್ಕೆಗಳು. ಸರ್ಕಸ್ಸಿನ ಡೇರೆ ಎಲ್ಲಿ ಹಾಕಿದ್ದಾರೆ ಎಂದು ಇಬ್ಬರು ಬಂದು ಬಾಗಿಲು ಬಡಿದರು. ಅದರ ಮುಂದಿನ ವಾರ ಸುತ್ತಲೂ ರಂಗೋಲಿಯ ಅಂಚು ಎಳೆದಳು. ಎಳೆಯುತ್ತ ಎಳೆಯುತ್ತ ಖುಷಿ ಬಂದು ಅಂಚು ಎಷ್ಟು ಅಗಲವಾಯಿತೆಂದರೆ ಬರೆಯಲು ನಡುವೆ ಒಂದು ರೊಟ್ಟಿಯಷ್ಟು ಜಾಗ ಉಳಿಯಿತು. ಆ ವಾರ ಹೆಂಗಸರು ಗುಂಪುಗುಂಪಾಗಿ ಬಂದು ನಿಂತರು. ಶಿವಕಾಂತಾ ಕಿಟಕಿಯ ಹಿಂದೆ ಹಿಗ್ಗಿದಳು. ಅವರು ಅಂಚಿನ ಚುಕ್ಕಿ ಎಣಿಸಿಕೊಂಡು, ಎಳೆ ಹೇಗೆ ತಿರುಗಿದೆ ಎಂದು ಬೆರಳಲ್ಲಿ ಗಾಳಿಗೆ ಬರೆದುಕೊಂಡು, ನಡುವಿನ ಮಾತನ್ನು ಮುಟ್ಟದೆ ಹೋದರು.

ಎತ್ತರದ್ದು ಬೇರೆ ಗೋಳು. ಮೇಲೆ ಅಂಟಿಸಿದರೆ ತಲೆ ಮೇಲೆ ಕೊಡ ಹೊತ್ತವರು ಕತ್ತು ಎತ್ತುವ ಹಾಗಿಲ್ಲ. ಕೆಳಗೆ ಅಂಟಿಸಿದರೆ ಆಡು. ಜೋಳದ ಹಿಟ್ಟಿನ ಅಂಟು ನೋಡಿ, ಆಡಿಗೆ ಅದಕ್ಕಿಂತ ರುಚಿ ಉಂಟೇ? ಬೆಳ್ಳುಳ್ಳಿಯ ವಿಚಾರ ಮುಗಿಯುವ ಮೊದಲೇ ಒಂದು ಆಡು ಅದನ್ನು ಪೂರ್ತಿ ತಿಂದು ಹಾಕಿತು.

ಹೀಗೆ ಬಿದ್ದೆದ್ದು ಅವಳು ಕಲಿತಳು. ತಲೆಬರಹ ಗೇಣುದ್ದ ಇರಬೇಕು, ಸಾಲಿಗೂ ಸಾಲಿಗೂ ಉಸಿರಾಡುವಷ್ಟು ಜಾಗ ಬೇಕು, ಬಣ್ಣ ಎರಡಕ್ಕೆ ನಿಲ್ಲಬೇಕು. ದುಂಡು ಚಿತ್ರಕ್ಕೆ ಕುಲಸುಮಬಿಯ ಒಡಕು ಬಳೆಗಳನ್ನು ಜೋಡಿಸಿ ಇಟ್ಟು ಗೆರೆ ಎಳೆಯುತ್ತಿದ್ದಳು. ವಾರವಾರವೂ ಗೋಡೆ ಮುಂದೆ ನಿಲ್ಲುವವರು ಹೆಚ್ಚಾದರು. ನಿಲ್ಲುತ್ತಿದ್ದರು, ತಲೆಬರಹ ನೋಡಿ ನಗುತ್ತಿದ್ದರು, ಹೋಗುತ್ತಿದ್ದರು. ಕೆಳಗಿನ ಸಾಲಿಗೆ ಬರುವವರು ಕಡಿಮೆ, ಅದೊಂದು ಕೊರಗು ಉಳಿದೇ ಇತ್ತು.

ಒಂದು ದಿನ ಗೋಡೆಯ ಬಿರುಕಿನಲ್ಲಿ ಮಡಿಸಿದ ಚೀಟಿ ಸಿಕ್ಕಿತು. ಅಕ್ಷರ ಸಣ್ಣವು ಎಂದು ಅದರಲ್ಲಿತ್ತು. ಬಸ್ಸು ಈ ತಿರುವಿನಲ್ಲಿ ನಿಲ್ಲುವುದು ಮಂದಿ ಹತ್ತುವಷ್ಟು ಹೊತ್ತು, ಮೂರನೇ ಸಾಲಿಗೆ ಬರುವಷ್ಟರಲ್ಲಿ ಸೀಟಿ ಊದಬೇಕಾಗುತ್ತದೆ, ಉಳಿದದ್ದು ಓದಲು ಮರುದಿನದವರೆಗೆ ಕಾಯಬೇಕು ಎಂದಿತ್ತು. ಕೆಳಗೆ, ಕಂಡಕ್ಟರ್ ಶಿವರಾಯ, ಅತನೂರ.

ಶಿವಕಾಂತಾಳ ಸಿಟ್ಟು ನೆತ್ತಿಗೇರಿತು. ಯಾರಿವನು ನನ್ನ ಹಾಳೆಗೆ ಬುದ್ಧಿ ಹೇಳುವವನು? ಬಸ್ಸಿನ ಅವಸರದಲ್ಲಿ ಓದುವವರಿಗೆ ನಾನು ಬರೆಯುವುದಿಲ್ಲ ಎಂದು ಮುಂದಿನ ಹಾಳೆಯಲ್ಲಿ ಖಾರವಾಗಿ ಬರೆದಳು. ಬರೆದದ್ದು ಮಾತ್ರ ಮೊದಲಿಗಿಂತ ದಪ್ಪ ಅಕ್ಷರದಲ್ಲಿ. ಆಮೇಲೆ ವಾರಕ್ಕೊಂದು ಚೀಟಿ ಬರತೊಡಗಿತು. ಕೆಂಪು ಮಸಿ ಮಧ್ಯಾಹ್ನದ ಬಿಸಿಲಿಗೆ ಕಾಣುವುದಿಲ್ಲ. ಚಿತ್ರ ಬಲಕ್ಕೆ ಇಟ್ಟರೆ ಬಸ್ಸಿನ ಬಾಗಿಲಿಗೆ ನೇರ ಬರುತ್ತದೆ. ಒಂದು ವಾರ, ಎಲ್ಲಕ್ಕಿಂತ ಚೆನ್ನಾಗಿದ್ದದ್ದು ಕೊನೆಯ ಸಾಲು, ಅದನ್ನು ಯಾಕೆ ಮೂಲೆಯಲ್ಲಿ ಬಚ್ಚಿಟ್ಟಿರಿ ಎಂದು ಇತ್ತು.

ಆ ಚೀಟಿಯನ್ನು ಅವಳು ಮತ್ತೆ ಮತ್ತೆ ಓದಿದಳು. ಅಷ್ಟು ಮಂದಿಯಲ್ಲಿ ಕೊನೆಯ ಸಾಲಿನವರೆಗೆ ಬಂದವನು ಇವನೊಬ್ಬನೇ. ಅಂದಿನಿಂದ ಕೆಂಪು ಬಸ್ಸು ತಿರುವಿನಲ್ಲಿ ನಿಂತಾಗ ಅವಳು ಕಿಟಕಿಗೆ ಬರುತ್ತಿದ್ದಳು. ಹೆಗಲಿಗೆ ಚರ್ಮದ ಚೀಲ ಹಾಕಿದ ಸಣಕಲು ಮನುಷ್ಯ, ಬಾಗಿಲಲ್ಲಿ ಜೋತುಬಿದ್ದು ಕತ್ತು ಚಾಚಿ ಗೋಡೆ ಓದುತ್ತಿದ್ದ. ಮಂದಿ ಹತ್ತಿ ಮುಗಿದರೂ ಸೀಟಿ ಊದುತ್ತಿರಲಿಲ್ಲ. ಡ್ರೈವರ್ ಲಾಡ್ಲೆಸಾಬ ಹಾರ್ನ್ ಹೊಡೆದು ಅವನನ್ನು ಎಚ್ಚರಿಸಬೇಕಾಗುತ್ತಿತ್ತು. ಇಬ್ಬರೂ ಒಂದು ಮಾತೂ ಆಡಿದವರಲ್ಲ.

ವರ್ಷ ಕಳೆಯುವಷ್ಟರಲ್ಲಿ ಜಗಳಕ್ಕೆ ರುಚಿ ಬಂದಿತ್ತು. ಅಕ್ಷರ ದೊಡ್ಡದಿರಬೇಕೋ, ಮಾತು ಹೆಚ್ಚಿರಬೇಕೋ ಎಂಬ ವಾದ ಮುಗಿಯುವ ಲಕ್ಷಣ ಕಾಣದೆ, ಅವಳು ಹಾಳೆಯ ಅರ್ಧ ಅವನಿಗೇ ಬಿಟ್ಟುಕೊಡಲು ನಿರ್ಧರಿಸಿದಳು. ನಡುವೆ ಗೆರೆ ಎಳೆದು ಎಡಕ್ಕೆ ತನ್ನ ಮಾತು, ಬಲಕ್ಕೆ ಅವನ ಚೀಟಿಗಳ ಮಾತು. ಮೇಲೆ ಇಬ್ಬರ ಹೆಸರು, ಅವನು ಕೇಳಿಕೊಂಡಂತೆಯೇ ಗೇಣುದ್ದ ಅಕ್ಷರದಲ್ಲಿ. ಎರಡು ಹೆಸರಿನ ನಡುವೆ ಜಾಗ ಬೋಳಾಗಿ ಕಂಡದ್ದಕ್ಕೆ ಬಳೆ ಇಟ್ಟು ಒಂದು ದುಂಡು ಹೂವು. ಎಲ್ಲಕ್ಕೂ ಮೇಲೆ, ಎಂದಿನ ಹಾಗೆ, ಓಂ ಶ್ರೀ ಗುರು ಬಸವಲಿಂಗಾಯ ನಮಃ.

ಆ ಸಂಜೆ ತಾಯಿ ಗಂಗಾಬಾಯಿ ಒಂದು ಉಪಾಯ ಹೇಳಿಕೊಟ್ಟಳು. ಅಂಟಿಗೆ ಬೇವಿನ ರಸ ಕಲಸಿದರೆ ಆಡು ಮೂಸುವುದಿಲ್ಲ, ಅರಿಷಿಣ ಕಲಸಿದರೆ ಇರುವೆ ಹತ್ತುವುದಿಲ್ಲ. ಆಡು ಕೀಳುವುದು ಮೂಲೆಯಿಂದ ತಾನೇ? ಶಿವಕಾಂತಾ ಎರಡನ್ನೂ ಕಲಸಿ ನಾಲ್ಕು ಮೂಲೆಗೂ ಧಾರಾಳವಾಗಿ ಮೆತ್ತಿ, ಅಂಟಿಸಿ, ನೆಮ್ಮದಿಯಿಂದ ಮಲಗಿದಳು.

ಬೆಳಗಾಗುವಷ್ಟರಲ್ಲಿ ಅರಿಷಿಣ ಹಾಳೆಯ ಹಿಂದಿನಿಂದ ಮುಂದಕ್ಕೆ ಒಸರಿತ್ತು. ಈಗ ನೀವೇ ನೋಡಿ. ಮೇಲೆ ಗುರುಸ್ಮರಣೆ. ಎಡಕ್ಕೆ ದೊಡ್ಡದಾಗಿ ಶಿವಕಾಂತಾ, ಬಲಕ್ಕೆ ದೊಡ್ಡದಾಗಿ ಶಿವರಾಯ, ನಡುವೆ ಹೂವು. ನಾಲ್ಕು ಮೂಲೆಗೆ ಅಚ್ಚ ಹಳದಿ. ನಮ್ಮ ಕಡೆ ಇದಕ್ಕೆ ಲಗ್ನಪತ್ರಿಕೆ ಎನ್ನದೆ ಏನೆನ್ನುತ್ತಾರೆ? ಓದು ಬರದವರು ಹಾಗೆಂದರು, ಸರಿ. ಓದು ಬಂದವರೂ ಹಾಗೇ ಎಂದರು. ಮೂಲೆಯ ಅರಿಷಿಣ ಕಂಡ ಮೇಲೆ ಕೆಳಗಿನದನ್ನು ಓದುವ ತೊಂದರೆ ಯಾಕೆ? ಸಂತೆಯ ದಿನ ಬೇರೆ, ಹಳ್ಳಿಹಳ್ಳಿಯವರು ಆ ದಾರಿಯಲ್ಲೇ ಬರುವವರು.

ಮೊದಲು ಬಂದವಳು ಕುಲಸುಮಬಿ, ಹಸಿರು ಬಳೆಯ ಬುಟ್ಟಿ ಹೊತ್ತು, ಕಣ್ಣು ತುಂಬಿಕೊಂಡು.

"ಮದುವಿ ಬಳಿ ನಿನ್ನ ಕೈಲೇ ಇಡಸ್ಕೋತೇನಿ ಅಂತ ಸಣ್ಣಾಕಿ ಇದ್ದಾಗ ಆಣಿ ಮಾಡಿದ್ದಿ. ಈಗ ನಾ ಗೋಡಿ ನೋಡಿ ತಿಳ್ಕೋಬೇಕೇನ್ ಬೇ?"

ಶಿವಕಾಂತಾ ಏನೆಂದು ತಿಳಿಯದೆ ಹೊರಗೆ ಓಡಿ ಬಂದು ತನ್ನ ಹಾಳೆಯನ್ನು ತಾನೇ ನೋಡಿ ಎದೆ ಮೇಲೆ ಕೈ ಇಟ್ಟುಕೊಂಡಳು. ಹಿಂದೆಯೇ ಬಾಜಾ ಬಾರಿಸುವ ಹುಲೆಪ್ಪ ಬಂದು, ಪತ್ರಿಕೆಯಲ್ಲಿ ತಾರೀಖು ಹಾಕುವುದನ್ನು ಮರೆತಿದ್ದೀರಿ, ಆ ದಿನಕ್ಕೆ ನಾನು ಬೇರೆ ಕಡೆ ಮುಂಗಡದ ಇಸಾರ ತಗೊಂಡಿದ್ದರೆ ಗತಿ ಏನು ಎಂದು ಕೇಳಿದ. ಅವಳು ಹಾಳೆ ಹರಿಯಲು ಕೈ ಹಾಕಿದಳು. ಗಂಗಾಬಾಯಿ ಓಡಿ ಬಂದು ಆ ಕೈ ಹಿಡಿದಳು. ಅರಿಷಿಣ ಹಚ್ಚಿದ ಹಾಳೆಯಲ್ಲಿ ಮಗಳ ಹೆಸರಿದೆ, ಯಾರದೋ ಮನೆಯ ಮಗನ ಹೆಸರಿದೆ, ಜೋಡಿ ಹೆಸರನ್ನು ಹರಿಯುವಂಥ ಕೆಲಸ ತನ್ನ ಕಣ್ಣೆದುರು ಆಗಬಾರದು ಎಂದಳು. ಅಂಟಿಸಿದ್ದು ಅಂಟಿಸಿದ ಹಾಗೇ ಉಳಿಯಿತು. ಶಿವಕಾಂತಾ ಅದರ ಮುಂದೆ ನಿಂತು, ಇದು ಮದುವೆಯದಲ್ಲ, ಅಕ್ಷರದ ಗಾತ್ರದ ಚರ್ಚೆ ಎಂದು ಬಂದಬಂದವರಿಗೆಲ್ಲ ಬಿಡಿಸಿ ಹೇಳಿದಳು. ಮದುಮಗಳಿಗೆ ಇಷ್ಟು ನಾಚಿಕೆ ಇರಬೇಕಾದದ್ದೇ ಎಂದು ಅವರು ತಲೆದೂಗಿದರು.

ದೌಲತರಾಯನ ಅಂಗಡಿಗೆ ವ್ಯಾಪಾರಸ್ಥರೆಲ್ಲ ಬಂದು ಕೈಕುಲುಕಿದರು, ಮಾತು ಮುಚ್ಚಿಟ್ಟಿದ್ದಕ್ಕೆ ಬೈದರು, ಅವನ ಲೆಕ್ಕದಲ್ಲೇ ಪೇಡೆ ತರಿಸಿ ತಿಂದರು. ಬೀಗರು ಯಾವ ಊರವರು ಎಂದು ಕೇಳಿದರೆ ಹೇಳಲು ಅವನಿಗೇ ಗೊತ್ತಿಲ್ಲ! ಮಧ್ಯಾಹ್ನ ಮನೆಗೆ ಬಂದವನು ರೊಟ್ಟಿ ಮುರಿಯಲೂ ಇಲ್ಲ. ಕರಾರು ಕರಾರೇ, ನಾಳೆ ಪೇಂಟರ್ ಬರುತ್ತಾನೆ ಎಂದಷ್ಟೇ ಹೇಳಿ ಎದ್ದ. ಅಲ್ಲಿಯವರೆಗೆ ತಡೆದುಕೊಂಡಿದ್ದ ಶಿವಕಾಂತಾ ಆಗ ಅತ್ತಳು. ಊರು ಏನೆಂದುಕೊಂಡರೂ ಅವಳಿಗೆ ಹೆಚ್ಚು ನೋವಿರಲಿಲ್ಲ. ಅತ್ತದ್ದು ಗೋಡೆ ಹೋಗುತ್ತದಲ್ಲ ಎಂದು.

ಮರುದಿನ ಬೆಳಗ್ಗೆ ಬೀಡಿ ಕಂಪನಿಯ ಪೇಂಟರ್ ಬಾಗಿಲ ಮುಂದೆ ಕೂತು ಬಣ್ಣ ಕಲಸುತ್ತಿದ್ದ. ಅಷ್ಟರಲ್ಲಿ ಅಫಜಲಪುರದಿಂದ ಬಂದ ಬಸ್ಸು ತಿರುವಿನಲ್ಲಿ ನಿಂತಿತು. ಕಂಕುಳಲ್ಲಿ ಗಂಟು ಹಿಡಿದು ಎತ್ತರದ ಹೆಂಗಸೊಬ್ಬಳು ಇಳಿದಳು. ಶಿವರಾಯನ ತಾಯಿ, ಅತನೂರಿನ ಸುಭದ್ರಾಬಾಯಿ. ಗೋಡೆ ಮೇಲೆ ತಮ್ಮೂರ ಕಂಡಕ್ಟರನ ಹೆಸರು ಗುರುತಿಸಿ ಸಂತೆಯಿಂದ ಮರಳಿದವರು ಒಬ್ಬರಾದ ಮೇಲೊಬ್ಬರು ಅವಳ ಕಟ್ಟೆಗೆ ಹೋಗಿ, ಮಗನ ಮದುವೆ ಗೊತ್ತುಮಾಡಿ ನಮಗೆ ಹೇಳಲಿಲ್ಲ ಎಂದು ದೂರಿದ್ದರು. ಮೂವತ್ತು ದಾಟಿದರೂ ಮದುವೆ ಎಂದರೆ ಮಾತು ತಪ್ಪಿಸುತ್ತಿದ್ದ ಮಗ! ಹಿಂದೆಯೇ ಚೀಲ ಹಿಡಿದುಕೊಂಡು ಶಿವರಾಯ ಇಳಿದ. ದಾರಿಯುದ್ದಕ್ಕೂ ಅವನು ಹಾಗಲ್ಲ ಹೀಗೆ ಎಂದು ಹೇಳುತ್ತಲೇ ಬಂದಿದ್ದ, ಅವಳು ಕೇಳಿದ್ದರೆ ತಾನೆ?

ಸುಭದ್ರಾಬಾಯಿ ಬಾಗಿಲಲ್ಲಿ ನಿಲ್ಲಲಿಲ್ಲ. ನೇರ ಅಡುಗೆಮನೆಗೆ ಹೋಗಿ ಗಂಗಾಬಾಯಿಯ ಪಕ್ಕ ಒಲೆ ಮುಂದೆ ಕೂತಳು. ಬೀಗಿತ್ತಿ ಎಂದು ಕೈ ಹಿಡಿದು ಮಾತಾಡಿಸುತ್ತ, ಮುಚ್ಚಳ ತೆಗೆದು ಸಾರಿನ ರುಚಿ ನೋಡಿ, ಒಂದು ಚಿಟಿಕೆ ಉಪ್ಪು ಹಾಕಿ, ಹುಡುಗಿ ಎಲ್ಲಿ ಎಂದಳು. ಎಲ್ಲರೂ ಪಡಸಾಲೆಯಲ್ಲಿ ಕೂತ ಮೇಲೆಯೇ ಶಿವರಾಯನಿಗೆ ಪೂರ್ತಿ ಹೇಳಲು ಆದದ್ದು. ಚೀಟಿ, ಅಕ್ಷರದ ಮಾತು ಅವನು ಹೇಳಿದ, ಆಡು, ಅಂಟಿನ ಮಾತು ಗಂಗಾಬಾಯಿ ಸೇರಿಸಿದಳು. ಸುಭದ್ರಾಬಾಯಿಯ ಮುಖ ಸಣ್ಣದಾಯಿತು. ಗಂಟನ್ನು ಮಡಿಲಿಗೆ ಎಳೆದುಕೊಂಡಳು. ಅದರಲ್ಲಿ ಅವಳು ಯಾವತ್ತೋ ತಂದಿಟ್ಟಿದ್ದ ಸೊಸೆಯ ಸೀರೆ ಇತ್ತು.

ದೌಲತರಾಯ ಮಾತ್ರ ಬೇರೆಯೇ ಎಣಿಸುತ್ತಿದ್ದ. ನಮ್ಮವರೇ, ಸರ್ಕಾರಿ ನೌಕರಿ, ಒಬ್ಬನೇ ಮಗ, ಊರಿಗೆಲ್ಲ ಸುದ್ದಿಯೂ ಆಗಿದೆ, ಪೇಡೆಯೂ ಹಂಚಿದೆ. ಗಂಟಲು ಸರಿಮಾಡಿಕೊಂಡು ಹೇಳಿದ.

"ತಪ್ಪು ಆಗ್ಯಾದ, ಖರೇ. ಆದ್ರ ತಪ್ಪು ಛಲೋನೇ ಆಗ್ಯಾದ. ನೀವು ಹೂಂ ಅಂದ್ರ ಇದೇ ತಿಂಗಳು ಮಾಡ್ಕೊಡ್ತೇನಿ. ಗೋಡಿಗಿ ಬಣ್ಣಾ ಬೀಳ್ತದ, ಈ ಬರಿಯೋ ಹುಚ್ಚೂ ಇಲ್ಲಿಗೇ ಮುಗೀತದ."

ಸುಭದ್ರಾಬಾಯಿಯ ಮುಖ ಮತ್ತೆ ಅರಳಿತು. ಹೊರಗೆ ಲಾಡ್ಲೆಸಾಬ ಹಾರ್ನ್ ಹೊಡೆದ. ಬಸ್ಸಿನ ಕಿಟಕಿಗಳಲ್ಲೆಲ್ಲ ಮುಖಗಳು ಈ ಕಡೆಗೇ. ಶಿವರಾಯ ಎದ್ದು ನಿಂತ, ಆದರೆ ಹೋಗಲಿಲ್ಲ. ಬಾಗಿಲ ಹಿಂದಿದ್ದ ಶಿವಕಾಂತಾಳ ಸೀರೆಯ ಅಂಚನ್ನು ನೋಡುತ್ತ ಮಾತಾಡಿದ.

"ಮದುವಿ ಮಾತು ನಾ ಕೇಳಿದ್ದು ನಿನ್ನೆ, ಮಂದಿ ಬಾಯಾಗ. ಬ್ಯಾಡ ಅನ್ನಾಕ ಮನಸ್ಸು ಬರ್ಲಿಲ್ಲ, ಅದೂ ಖರೇ. ಆದ್ರ ಹಾಳಿ ವರ್ಷದಿಂದ ಓದಾಕತ್ತೇನಿ. ನನ್ನ ಸಲುವಾಗಿ ಅದು ನಿಲ್ಲೂದಾದ್ರ ಈ ಸಂಬಂಧ ಬ್ಯಾಡ್ರಿ. ನಾ ಜೇವರ್ಗಿ ರೂಟು ಕೇಳ್ಕೊಂಡು ಹೋಗ್ತೇನಿ."

ಶಿವಕಾಂತಾಳಿಗೆ ಎದೆ ತುಂಬಿ ಬಂತು. ಇವನನ್ನು ಬಿಟ್ಟರೆ ಇಂಥ ಮತ್ತೊಬ್ಬ ಸಿಗುವುದಿಲ್ಲ ಎಂದು ಅವಳಿಗೆ ಸ್ಪಷ್ಟವಾಯಿತು. ಹಾಗೆಂದು ಅವನ ಒಂದು ಮಾತಿಗೆ ಮರುಳಾಗಿ, ಹಿಂದೆ ಬಂದ ಮೂರೂ ಕಡೆಯವರಿಗೆ ಆಗುವುದಿಲ್ಲ ಎಂದದ್ದನ್ನು ಅಳಿಸಲೂ ಅವಳು ತಯಾರಿರಲಿಲ್ಲ. ದಿನವಿಡೀ ಮನೆಯಲ್ಲಿರುವುದು ಅತ್ತೆಯ ಜೊತೆ, ಕಂಡಕ್ಟರನ ಜೊತೆ ಅಲ್ಲ. ಅವಳು ಹೊರಗೆ ಬಂದು ಸುಭದ್ರಾಬಾಯಿಯ ಎದುರಿಗೇ ಕೂತಳು. ನಿಮ್ಮ ಮನೆಗೆ ದಾರಿ ಕಡೆಯ ಗೋಡೆ ಇದೆಯೇ ಎಂದು ಮೊದಲು ಕೇಳಿದಳು. ಇದೆ, ಅದಕ್ಕೆ ಸಗಣಿ ಕುಳ್ಳು ಬಡಿಯುತ್ತೇನೆ, ಬೇಕಾದರೆ ಅವನ್ನು ಹಿತ್ತಲಿನಲ್ಲಿ ಬಡಿದರಾಯಿತು ಎಂದು ಸುಭದ್ರಾಬಾಯಿ ಸುಲಭವಾಗಿ ಹೇಳಿದಳು. ಶಿವಕಾಂತಾ ಅಷ್ಟಕ್ಕೆ ಬಿಡಲಿಲ್ಲ.

"ಇಲ್ಲಿ ನಾ ಮನೀ ಮಾತು ಬರಿಯಂಗಿಲ್ಲ ಅಂತ ಒಪ್ಕೊಂಡಿದ್ದೆ. ಅಲ್ಲಿ ಒಪ್ಪಂಗಿಲ್ಲ. ಕಂಡದ್ದೆಲ್ಲ ಬರೀತೇನಿ. ನಿಮ್ಮ ಬಗ್ಗೆನೂ ಬರೀತೇನಿ, ಅತ್ತಿ."

ಅತ್ತಿ ಎಂದದ್ದನ್ನು ಯಾರೂ ಗಮನಿಸಲಿಲ್ಲ, ಅಷ್ಟು ಗಾಬರಿಯಾದರು. ಗಂಗಾಬಾಯಿ ಸೆರಗಿನಿಂದ ಬಾಯಿ ಮುಚ್ಚಿಕೊಂಡಳು. ದೌಲತರಾಯ ಸಂಬಂಧ ಮುರಿಯಿತೆಂದೇ ತಿಳಿದು ಕಣ್ಣು ಮುಚ್ಚಿದ. ಸುಭದ್ರಾಬಾಯಿ ಹುಡುಗಿಯನ್ನು ದಿಟ್ಟಿಸಿ ನೋಡಿ, ನನ್ನ ಬಗ್ಗೆ ಬರೆಯುವಂಥದ್ದು ಏನಿದೆ ಎಂದು ಕೇಳಿದಳು.

"ಇವತ್ತಿಂದೇ ಬರೀತೇನಿ. ಬೀಗರ ಮನಿಗಿ ಬಂದಾಕಿ ಯಾರನ್ನೂ ಕೇಳದ ಒಲಿ ಮುಂದ ಕೂತು, ಇನ್ನೊಬ್ಬರ ಸಾರಿಗಿ ಉಪ್ಪು ಹಾಕಿದ್ಲು ಅಂತ."

"ಬರಿ," ಎಂದಳು ಸುಭದ್ರಾಬಾಯಿ. "ಆದ್ರ ಸಾರು ಸಪ್ಪಗಿತ್ತು ಅಂತನೂ ಬರಿ. ಅರ್ಧಾ ಬರದ್ರ ಮಂದಿ ನನ್ನೇ ತಪ್ಪು ತಿಳೀತಾರ."

ಗಂಗಾಬಾಯಿಯೇ ಮೊದಲು ನಕ್ಕಳು. ಹೊರಗೆ ಹಾರ್ನ್ ಮತ್ತೆ ಕೂಗಿತು. ಶಿವಕಾಂತಾ ಹೂಂ ಎಂದಳು. ಅದು ಸಾರಿನ ಮಾತು ಬರೆಯುವುದಕ್ಕೋ, ಮದುವೆಗೋ ಎಂದು ದೌಲತರಾಯ ಗಡಿಬಿಡಿಯಿಂದ ಕೇಳಿದ. ಎರಡಕ್ಕೂ ಎಂದಳು.